ಗಂಟಿಲ್ಲದ ಎಳೆಯ ಗಣಿತ

ಅಮೃತೂರಿನ ಬೀದಿಗಳಲ್ಲಿ ಬೆಳಗಿನ ಹೊತ್ತು ಅಡ್ಡಾಡಿದವರಿಗೆ ಮನೆಗಳ ಬಾಗಿಲ ಮುಂದೆ ಚುಕ್ಕಿ ರಂಗೋಲಿ ಕಾಣುವುದು ದಿನನಿತ್ಯದ ಸಂಗತಿ. ಸಾರಿಸಿದ ನೆಲದ ಮೇಲೆ ಮೊದಲು ಚುಕ್ಕಿಗಳು ಸಾಲಾಗಿ ಬೀಳುತ್ತವೆ. ಅನಂತರ ಗೆರೆಯೊಂದು ಅವುಗಳ ನಡುವೆ ಹರಿದು ನೋಡನೋಡುತ್ತಿದ್ದಂತೆ ಆಕೃತಿಯಾಗಿ ಕೂಡಿಕೊಳ್ಳುತ್ತದೆ. ಇಲ್ಲಿಯ ಒಂದು ಮನೆಯ ಜಗಲಿಯ ಮೇಲೆ ಮಾತ್ರ ಇಂಥದೇ ಕೆಲಸ ನೆಲಕ್ಕೆ ಬದಲಾಗಿ ಬಟ್ಟೆಯ ಮೇಲೆ, ಹಿಟ್ಟಿಗೆ ಬದಲಾಗಿ ರೇಷ್ಮೆಯ ಎಳೆಯಿಂದ ನಡೆಯುತ್ತದೆ. ಅಲ್ಲಿ ಕುಳಿತು ಹೊಲಿಯುವ ವೃದ್ಧೆ ಧಾರವಾಡದ ಕಡೆಯವರು. ಮಗನ ಉದ್ಯೋಗದ ನಿಮಿತ್ತ ಈ ಕುಣಿಗಲ್ ಸೀಮೆಗೆ ಬಂದು ನೆಲೆಸಿದವರು. ಅವರ ಕೈಯಲ್ಲಿರುವ ಕಲೆಗೆ ಕಸೂತಿ ಎಂದು ಹೆಸರು.

ಕಳೆದ ಬೇಸಗೆಯ ರಜೆಯಲ್ಲಿ ನಾನು ಮೊದಲ ಬಾರಿಗೆ ಆ ಜಗಲಿಯ ಬಳಿ ನಿಂತು, ಕರಿಯ ಬಟ್ಟೆಯ ಮೇಲೆ ಮೂಡುತ್ತಿದ್ದ ಗೋಪುರವನ್ನು ಹೊಗಳಿದೆ. ಅವರು ತಲೆಯೆತ್ತದೆ, "ಮುಂದಿಂದು ನೋಡಿ ಹೊಗಳಬ್ಯಾಡ್ರಿ. ಹಿಂದ ತಿರುವಿ ನೋಡ್ರಿ" ಎಂದರು. ತಿರುವಿ ನೋಡಿದೆ. ಅಲ್ಲಿಯೂ ಅದೇ ಗೋಪುರ! ಗಂಟಿಲ್ಲ, ಒಂದೆಡೆಯಿಂದ ಮತ್ತೊಂದೆಡೆಗೆ ನೆಗೆದ ದಾರವಿಲ್ಲ. ಕನ್ನಡಿಯಲ್ಲಿ ಕಂಡಂತೆ ಎಡಬಲಗಳು ಅದಲುಬದಲಾಗಿವೆ ಎಂಬುದನ್ನು ಬಿಟ್ಟರೆ ಯಾವ ಮುಖ ಮುಂದಿನದು, ಯಾವುದು ಹಿಂದಿನದು ಎಂದು ಹೇಳುವಂತಿರಲಿಲ್ಲ.

ಆ ದಿನವೇ ಅವರು ತಮ್ಮ ಒಂದು ತೊಡಕನ್ನೂ ಹೇಳಿದರು. ಅವರಿಂದ ಬಟ್ಟೆ ಹೊಲಿಸಿಕೊಳ್ಳುವ ಒಂದು ಅಂಗಡಿಯವರು, "ಒಳಗೆ ಅಸ್ತರಿ ಹಾಕುತ್ತೇವೆ, ಹಿಂದುಗಡೆ ಯಾರು ನೋಡುತ್ತಾರೆ? ಮುಂದುಗಡೆ ಮಾತ್ರ ಚೆನ್ನಾಗಿರಲಿ. ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಕೂಲಿಯೂ ಅಷ್ಟೇ ಕಡಿಮೆ" ಎಂದು ಹೇಳಿಕಳುಹಿಸಿದ್ದರಂತೆ. ಎರಡು ಮುಖದ ಚಿತ್ರಕ್ಕೆ ಎರಡರಷ್ಟು ದುಡಿಮೆ, ಒಂದು ಮುಖದ ಚಿತ್ರಕ್ಕೆ ಅದರ ಅರ್ಧ. ಮೇಲುನೋಟಕ್ಕೆ ನನಗೂ ಈ ಲೆಕ್ಕ ನ್ಯಾಯವಾಗಿಯೇ ಕಂಡಿತು. ಅದು ತಪ್ಪು ಲೆಕ್ಕವೆಂದು ತಿಳಿಯಲು ನಾನು ಅನೇಕ ಸಂಜೆಗಳನ್ನು ಆ ಜಗಲಿಯ ಮೇಲೆ ಕಳೆಯಬೇಕಾಯಿತು.

ಚಿತ್ರಕಾರನಿಗೆ ಚಿತ್ರಶಾಲೆಯಿರುವಂತೆ ಕಸೂತಿಯವರಿಗೆ ಕಾರ್ಯಶಾಲೆ ಯಾವುದು? ಒಂದು ಚಾಪೆ, ಒಂದು ಸೂಜಿ, ಕತ್ತರಿ, ಎಳೆಗಳ ಸುರುಳಿ, ಇವಿಷ್ಟೇ. ಆದರೆ ಜಾಗವನ್ನು ಅವರು ಆರಿಸಿಕೊಳ್ಳುವ ರೀತಿ ನೋಡತಕ್ಕದ್ದು. ಬೆಳಕು ಎದುರಿನಿಂದಾಗಲಿ ತಲೆಯ ಮೇಲಿನಿಂದಾಗಲಿ ಬೀಳದೆ ಒಂದು ಪಕ್ಕದಿಂದ, ಬಟ್ಟೆಯ ಮೈಯನ್ನು ಸವರಿಕೊಂಡು ಹೋಗುವಂತೆ ಕೂರುತ್ತಾರೆ. ಹೊತ್ತು ಸರಿದಂತೆ ಚಾಪೆಯೂ ಸರಿಯುತ್ತದೆ. ಇದಕ್ಕೆ ಕಾರಣವುಂಟು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಹಾಸು ಹೊಕ್ಕುಗಳೇ ರಂಗೋಲಿಯ ಚುಕ್ಕಿಗಳ ಸ್ಥಾನದಲ್ಲಿವೆ. ಇಷ್ಟು ಎಳೆ ಬಿಟ್ಟು ಸೂಜಿ ಚುಚ್ಚಬೇಕು ಎಂದು ಎಣಿಸಿ ಎಣಿಸಿಯೇ ಹೊಲಿಗೆ ಮುಂದುವರಿಯಬೇಕು. ಒಂದು ಸೆಂಟಿಮೀಟರಿನಲ್ಲಿ 25 ಎಳೆಗಳಿರುವ ಬಟ್ಟೆಯಾದರೆ ಎಳೆಯಿಂದ ಎಳೆಗೆ ಇರುವ ದೂರ 0.4 ಮಿಲಿಮೀಟರು. ಒಳ್ಳೆಯ ಕಣ್ಣು 30 ಸೆಂಟಿಮೀಟರು ದೂರದಲ್ಲಿ ಸುಮಾರು 0.1 ಮಿಲಿಮೀಟರು ಅಂತರದ ಬಿಂದುಗಳನ್ನು ಬೇರ್ಪಡಿಸಿ ಕಾಣಬಲ್ಲದು. ಆದುದರಿಂದ ಎಣಿಕೆಯೇನೋ ಕಣ್ಣಿನ ಶಕ್ತಿಗೆ ಮೀರಿದ್ದಲ್ಲ. ಆದರೆ ಅದಕ್ಕೆ ತಕ್ಕ ಬೆಳಕು ಬೇಕು. ಮದುವಣಗಿತ್ತಿಯರು ಉಡುತ್ತಿದ್ದ ಹೆಸರಾಂತ ಚಂದ್ರಕಾಳಿ ಸೀರೆಯಂಥ ಕರಿಯ ಬಟ್ಟೆಯಾದರಂತೂ ಕಷ್ಟ ಹೆಚ್ಚು. ಬಿಳಿಯ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80 ಪಾಲನ್ನು ಹಿಂದಿರುಗಿಸಿದರೆ, ಕರಿಯದು 5 ಪಾಲನ್ನು ಹಿಂದಿರುಗಿಸೀತು. ಅಂದರೆ ಕಣ್ಣಿಗೆ ಅಷ್ಟೇ ಬೆಳಕು ಬರಬೇಕಾದರೆ ಬಟ್ಟೆಯ ಮೇಲೆ 16 ಪಟ್ಟು ಬೆಳಕು ಬೀಳಬೇಕು.

ಮನೆಯೊಳಗಿನ ದೀಪ ಸಾಲದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ವಿಲೋಮ ವರ್ಗ ನಿಯಮವನ್ನು ಓದಿದವರು ತಾವೇ ಲೆಕ್ಕ ಹಾಕಿ ನೋಡಲಿ. ಹಿಂದಿನ 60 ವ್ಯಾಟಿನ ಬಲ್ಬಿಗೆ ಸಮನಾದ, 800 ಲ್ಯೂಮೆನ್ ಬೆಳಕು ಬೀರುವ ದೀಪವೊಂದು 2 ಮೀಟರು ದೂರದಲ್ಲಿದ್ದರೆ, ಗೋಡೆಗಳಿಂದ ಮರಳುವ ಬೆಳಕನ್ನು ಬಿಟ್ಟು, ಬಟ್ಟೆಗೆ ದೊರೆಯುವುದು ಸುಮಾರು 16 ಲಕ್ಸ್. ಹಗಲಿನಲ್ಲಿ ತೆರೆದ ಜಗಲಿಯ ಮೇಲಾದರೋ ನೆರಳಿನಲ್ಲಿಯೇ ಸಾವಿರಾರು ಲಕ್ಸ್ ಇರುತ್ತದೆ. ಅದೂ ಓರೆಯಾಗಿ ಬೀಳುವ ಬೆಳಕಾದುದರಿಂದ ಪ್ರತಿಯೊಂದು ಎಳೆಯೂ ತನ್ನ ಪಕ್ಕದಲ್ಲಿ ಸಣ್ಣದೊಂದು ನೆರಳನ್ನು ಚೆಲ್ಲಿ, ಉತ್ತ ಹೊಲದ ಸಾಲುಗಳಂತೆ ಎದ್ದು ಕಾಣುತ್ತದೆ. ಅಷ್ಟರಮಟ್ಟಿಗೆ ಜಗಲಿಯೂ ಅವರ ಉಪಕರಣಗಳಲ್ಲಿ ಒಂದು.

ಇನ್ನು ಹೊಲಿಗೆಗೆ ಬರೋಣ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆ. ಎರಡು ಮುಖಗಳಲ್ಲಿಯೂ ಒಂದೇ ಆಗಿ ಕಾಣುವವು ಮೊದಲಿನ ಎರಡು. ಗವಂತಿಯಲ್ಲಿ ಗೆರೆ ಅಡ್ಡಲಾಗಿ, ನೆಟ್ಟಗೆ ಅಥವಾ ಓರೆಯಾಗಿ ಸಾಗುತ್ತದೆ. ಮುರಗಿಯಲ್ಲಿ ಮೆಟ್ಟಿಲಿನಂತೆ ಮುರಿದು ಮುರಿದು ಹೋಗುತ್ತದೆ. ಎರಡರ ತತ್ತ್ವವೂ ಒಂದೇ. ಸೂಜಿ ಒಂದು ತೂತಿನಿಂದ ಮುಂದಿನ ತೂತಿಗೆ ಹೋಗುವುದನ್ನು ಒಂದು ಹೆಜ್ಜೆ ಎನ್ನೋಣ. ಎರಡು ತೂತುಗಳ ನಡುವಣ ಚಿತ್ರದ ತುಂಡನ್ನು ಗೀಟು ಎನ್ನೋಣ. ಪ್ರತಿ ತೂತಿನಲ್ಲಿಯೂ ಸೂಜಿ ಬಟ್ಟೆಯನ್ನು ದಾಟಲೇಬೇಕಾದುದರಿಂದ, ಮೊದಲನೆಯ ಹೆಜ್ಜೆ ಮುಂಭಾಗದಲ್ಲಿ ಬಿದ್ದರೆ ಎರಡನೆಯದು ಹಿಂಭಾಗದಲ್ಲಿ, ಮೂರನೆಯದು ಮತ್ತೆ ಮುಂಭಾಗದಲ್ಲಿ. ಅಂದರೆ ಬೆಸಸಂಖ್ಯೆಯ ಹೆಜ್ಜೆಗಳೆಲ್ಲ ಮುಂದೆ, ಸಮಸಂಖ್ಯೆಯವೆಲ್ಲ ಹಿಂದೆ. ನೇರವಾದ ಒಂದು ಸಾಲನ್ನು ಹೀಗೆ ಹೊಲಿದು ಕೊನೆ ಮುಟ್ಟಿದಾಗ, ಮುಂಭಾಗದಲ್ಲಿ ಒಂದು ಬಿಟ್ಟು ಒಂದು ಗೀಟು ತುಂಬಿರುತ್ತದೆ. ಅಲ್ಲಿಂದ ಹಿಂತಿರುಗಿ ಬಂದರೆ, ಹೋಗುವಾಗ ಖಾಲಿ ಉಳಿದ ಗೀಟುಗಳೆಲ್ಲ ಬರುವಾಗ ತುಂಬುತ್ತವೆ. ಎರಡು ಮುಖಗಳಲ್ಲಿಯೂ ಅಖಂಡವಾದ ಗೆರೆ ಸಿದ್ಧವಾಗುತ್ತದೆ.

ನೇರ ಗೆರೆಯಲ್ಲಿ ಇದು ಸುಲಭ. ಆದರೆ ಗೋಪುರಕ್ಕೆ ಕವಲುಗಳಿವೆ, ರಥಕ್ಕೆ ಚಕ್ರಗಳಿವೆ, ತುಳಸಿಕಟ್ಟೆಗೆ ಚೌಕಗಳಿವೆ. ಅಂಥಲ್ಲಿ ಪ್ರತಿಯೊಂದು ಗೀಟನ್ನೂ ಎರಡೇ ಬಾರಿ, ಒಮ್ಮೆ ಬೆಸ ಹೆಜ್ಜೆಯಿಂದಲೂ ಒಮ್ಮೆ ಸಮ ಹೆಜ್ಜೆಯಿಂದಲೂ ತುಳಿದು, ಎಲ್ಲಿಯೂ ಎಳೆಯನ್ನು ಕಡಿಯದೆ ಹೊರಟಲ್ಲಿಗೆ ಬಂದು ಸೇರುವುದು ಹೇಗೆ?

ಗಣಿತ ಓದಿದವರಿಗೆ ಇಲ್ಲಿ ಕ್ಯೋನಿಗ್ಸ್‌ಬರ್ಗಿನ ಸೇತುವೆಗಳ ನೆನಪಾಗುತ್ತದೆ. ಇಂದು ರಷ್ಯಕ್ಕೆ ಸೇರಿ ಕಲೀನಿನ್‌ಗ್ರಾಡ್ ಎನಿಸಿಕೊಂಡಿರುವ ಆ ಊರಿನ ಏಳು ಸೇತುವೆಗಳನ್ನು ಒಂದೊಂದೇ ಬಾರಿ ದಾಟಿ ಸುತ್ತಿಬರಲು ಸಾಧ್ಯವಿಲ್ಲವೆಂದು 1735ರಲ್ಲಿ ಲಿಯೋನಾರ್ಡ್ ಆಯ್ಲರ್ ತೋರಿಸಿದನು. ಒಂದು ಕೂಡುಸ್ಥಾನಕ್ಕೆ ಬಂದು ಸೇರುವ ದಾರಿಗಳು ಬೆಸಸಂಖ್ಯೆಯಲ್ಲಿದ್ದರೆ ಅಲ್ಲಿ ತೊಡಕು. ಅಂಥ ಸ್ಥಾನಗಳು ಎರಡಕ್ಕಿಂತ ಹೆಚ್ಚಾದರೆ ಕೆಲಸ ಕೆಟ್ಟಿತು. ಅಧಿಕ ಚಿಹ್ನೆಯನ್ನೇ ತೆಗೆದುಕೊಳ್ಳಿ. ಅದರ ನಾಲ್ಕು ತುದಿಗಳೂ ಅಂಥ ಬೆಸ ಸ್ಥಾನಗಳು. ಕಾಗದದ ಮೇಲೆ ಲೇಖನಿಯನ್ನು ಎತ್ತದೆ, ಗೆರೆಯ ಮೇಲೆ ಗೆರೆ ಎಳೆಯದೆ ಅದನ್ನು ಬರೆಯಲಾಗದು. ಬಟ್ಟೆಯ ಮೇಲಾದರೋ ಪ್ರತಿ ಗೀಟನ್ನೂ ಎರಡು ಬಾರಿ ತುಳಿಯುವುದೇ ಕ್ರಮವಾದುದರಿಂದ ಎಲ್ಲ ಸ್ಥಾನಗಳೂ ತಾವಾಗಿಯೇ ಸಮವಾಗುತ್ತವೆ. ನಡುವಿನಿಂದ ಹೊರಟು ಒಂದು ತೋಳಿನ ತುದಿಗೆ ಮುಂಭಾಗದಲ್ಲಿ ಹೋಗಿ, ಹಿಂಭಾಗದಲ್ಲಿ ಬಂದು, ಅನಂತರ ಮತ್ತೊಂದು ತೋಳು. ಎಂಟು ಹೆಜ್ಜೆಗಳಲ್ಲಿ ಚಿಹ್ನೆ ಮುಗಿಯಿತು! ಹಿಂಬದಿಯೂ ಚೆನ್ನಾಗಿರಬೇಕೆಂಬ ನಿಬಂಧನೆ ಕೆಲಸವನ್ನು ಕಠಿನ ಮಾಡುವ ಬದಲು ಸಾಧ್ಯವಾಗಿಸಿತು ಎಂಬುದು ನನಗೆ ಬಹಳ ಸೋಜಿಗವೆನಿಸಿತು.

ಆದರೆ ಒಂದು ಅಪಾಯವಿದೆ, ಅದರಲ್ಲಿ ನಾನೇ ಸಿಕ್ಕಿಬಿದ್ದೆ. ನಾಲ್ಕು ಗೀಟುಗಳ ಒಂದು ಚೌಕವನ್ನು ಹೊಲಿಯಲು ಅವರು ನನಗೆ ಸೂಜಿ ಕೊಟ್ಟರು. ಮುಂದೆ, ಹಿಂದೆ, ಮುಂದೆ, ಹಿಂದೆ ಎಂದು ನಾಲ್ಕು ಹೆಜ್ಜೆಗಳಲ್ಲಿ ಸುತ್ತಿ ಹೊರಟ ಮೂಲೆಗೆ ಬಂದೆ. ಇನ್ನೊಂದು ಸುತ್ತು ಹೋದರೆ ಖಾಲಿಯಿರುವ ಗೀಟುಗಳು ತುಂಬುತ್ತವೆಂದು ಮುಂದುವರಿಸಿದೆ. ಐದನೆಯ ಹೆಜ್ಜೆ ಬೆಸ. ಆದುದರಿಂದ ಮುಂಭಾಗದಲ್ಲಿ ಬಿತ್ತು. ಆದರೆ ಆ ಗೀಟು ಮುಂಭಾಗದಲ್ಲಿ ಮೊದಲೇ ತುಂಬಿತ್ತು! ಭೌತಶಾಸ್ತ್ರದ ಅಧ್ಯಾಪಕನ ಕೈಯಿಂದ ಅವರು ಸೂಜಿಯನ್ನು ತೆಗೆದುಕೊಂಡು, ಆ ಹೆಜ್ಜೆಯನ್ನು ಬಿಚ್ಚಿ, "ಹೋದ ಹಾದೀಲೇನ ಹೊಳ್ಳಿ ಬರಬೇಕ್ರಿ" ಎಂದರು. ಮೂಲೆ ಮುಟ್ಟಿದ ಮೇಲೆ ಮುಂದಕ್ಕೆ ಹೋಗದೆ ಅಲ್ಲಿಯೇ ತಿರುಗಿ, ನಾಲ್ಕನೆಯ ಗೀಟಿನ ಮೇಲೆಯೇ ಹಿಂದಕ್ಕೆ ಹೆಜ್ಜೆಯಿಡಬೇಕು. ಹಾಗೆ ಮಾಡಿದರೆ ಐದನೆಯ ಹೆಜ್ಜೆ ನಾಲ್ಕನೆಯದರ ಬೆನ್ನಿಗೆ, ಆರನೆಯದು ಮೂರನೆಯದರ ಬೆನ್ನಿಗೆ, ಹೀಗೆ ಎಂಟನೆಯದು ಮೊದಲನೆಯದರ ಬೆನ್ನಿಗೆ ಸರಿಯಾಗಿ ಕೂರುತ್ತದೆ. ವಿದ್ಯಾರ್ಥಿಗಳು ಚೌಕುಳಿ ಕಾಗದದ ಮೇಲೆ ಎರಡು ಬಣ್ಣದ ಸೀಸದಕಡ್ಡಿಗಳಿಂದ ಇದನ್ನು ಮಾಡಿ ನೋಡಬೇಕು. ಒಂದು ಬಣ್ಣ ಮುಂಭಾಗಕ್ಕೆ, ಮತ್ತೊಂದು ಹಿಂಭಾಗಕ್ಕೆ.

ಅವರ ಆ ಒಂದು ಮಾತಿನಲ್ಲಿ ಪೂರ್ಣವಾದ ಸಿದ್ಧಾಂತವೇ ಅಡಗಿದೆಯೆಂದು ಅಂದು ರಾತ್ರಿ ನನಗೆ ಹೊಳೆಯಿತು. ಒಂದು ಗೀಟಿನ ಮೇಲೆ ಮುಂದೆ ಹೋದಿರಿ ಎನ್ನಿ. ಅದರಾಚೆಯ ಭಾಗವನ್ನೆಲ್ಲ ಸುತ್ತಿ ಅದೇ ಗೀಟಿಗೆ ಹಿಂದಿರುಗುವಷ್ಟರಲ್ಲಿ, ಆಚೆಯ ಪ್ರತಿ ಗೀಟನ್ನೂ ಎರಡೆರಡು ಬಾರಿ ತುಳಿದಿರುತ್ತೀರಿ. ಆದುದರಿಂದ ನಡುವೆ ಕಳೆದ ಹೆಜ್ಜೆಗಳು ಎಷ್ಟೇ ಇರಲಿ, ಅವು ಸಮಸಂಖ್ಯೆಯವೇ. ಹೋಗುವಾಗಿನ ಹೆಜ್ಜೆ ಬೆಸವಾಗಿದ್ದರೆ ಬರುವಾಗಿನದು ಸಮ; ಅದು ಸಮವಾಗಿದ್ದರೆ ಇದು ಬೆಸ. ಎರಡು ಮುಖಗಳೂ ತುಂಬಲೇಬೇಕು! ಪಾಲಿಸಬೇಕಾದ ನಿಯಮ ಇಷ್ಟೇ: ಹೊಸ ಗೀಟಿದ್ದರೆ ಅದರ ಮೇಲೆ ಹೋಗುವುದು, ತುದಿ ಮುಟ್ಟಿದರೆ, ಅಥವಾ ಮೊದಲೇ ಮುಟ್ಟಿದ್ದ ತೂತನ್ನು ಬೇರೆ ದಾರಿಯಿಂದ ಮತ್ತೆ ಮುಟ್ಟಿದರೆ, ಅಲ್ಲಿಂದಲೇ ತಿರುಗುವುದು. ಗೆರೆಗಳು ಒಂದಕ್ಕೊಂದು ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ, ಅದು ಎಷ್ಟೇ ಜಟಿಲವಾಗಿರಲಿ, ಹೀಗೆ ಒಂದೇ ದಾರಿಯಲ್ಲಿ ಮುಗಿಸಬಹುದು.

ಈ ನಿಯಮಕ್ಕೆ ಹೊರದೇಶದಲ್ಲಿ ಒಬ್ಬ ನೆಂಟನಿದ್ದಾನೆ. ದಾರಿ ತಪ್ಪಿಸುವ ಚಕ್ರವ್ಯೂಹದೊಳಗೆ ಸಿಕ್ಕಿಕೊಂಡವನು ಪ್ರತಿಯೊಂದು ಓಣಿಯನ್ನೂ ನೋಡಿ ಹೊರಬರುವುದು ಹೇಗೆಂಬುದಕ್ಕೆ ಟ್ರೆಮೋ ಎಂಬ ಫ್ರೆಂಚನು ಕೊಟ್ಟ ಉಪಾಯವನ್ನು ಗಣಿತಜ್ಞ ಎದ್ವಾರ್ ಲ್ಯೂಕಾ 1882ರಲ್ಲಿ ಪ್ರಕಟಿಸಿದನು. ಹೊಸ ಓಣಿಯಿಂದ ಬಂದು ಹಳೆಯ ಕೂಡುದಾರಿಯನ್ನು ಮುಟ್ಟಿದರೆ ಬಂದ ಓಣಿಯಲ್ಲಿಯೇ ಹಿಂತಿರುಗು ಎಂಬುದು ಅದರ ತಿರುಳು. ಅಲ್ಲಿಯೂ ಪ್ರತಿ ಓಣಿಯನ್ನು ಎರಡು ಬಾರಿ ನಡೆದಾಗುತ್ತದೆ. ಹೊಲಿಗೆಯ ಈ ವಿಧಾನವೂ ನಮ್ಮಲ್ಲಿ ಮಾತ್ರ ಇರುವುದಲ್ಲ. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಂಗಿಯ ಕತ್ತುಪಟ್ಟಿ ತೋಳುಪಟ್ಟಿಗಳಿಗೆ ಕಪ್ಪು ರೇಷ್ಮೆಯಿಂದ ಇಂಥದೇ ಕೆಲಸ ಮಾಡುತ್ತಿದ್ದರು. ಮಡಿಸಿದ ಪಟ್ಟಿಯಲ್ಲಿ ಎರಡು ಮುಖಗಳೂ ಕಣ್ಣಿಗೆ ಬೀಳುತ್ತವಲ್ಲವೇ? ಆ ಕಾಲದವರ ಭಾವಚಿತ್ರಗಳಲ್ಲಿ ಹಾನ್ಸ್ ಹೋಲ್‌ಬೈನ್ ಇದನ್ನು ಎಳೆ ಎಳೆಯಾಗಿ ಚಿತ್ರಿಸಿದ್ದರಿಂದ ಪಾಶ್ಚಾತ್ಯರು ಈ ಹೊಲಿಗೆಗೆ ಅವನ ಹೆಸರನ್ನೇ ಇಟ್ಟಿದ್ದಾರೆ. ಹೊಲಿದ ಹೆಂಗಸರನ್ನು ಬಿಟ್ಟು, ಹೊಲಿಗೆಯನ್ನು ಚಿತ್ರಿಸಿದವನ ಹೆಸರು!

ಮರುದಿನ ನಾನು ಒಂದು ತ್ರಿಕೋನವನ್ನು ಬರೆದುಕೊಂಡು ಹೋದೆ. ಮೂರು ಗೀಟುಗಳ ಆಕೃತಿಯಲ್ಲಿ ಒಂದು ಸುತ್ತಿಗೆ ಮೂರು ಹೆಜ್ಜೆ. ಎರಡನೆಯ ಸುತ್ತು ನಾಲ್ಕನೆಯ ಹೆಜ್ಜೆಯಿಂದ ಮೊದಲಾಗುತ್ತದೆ, ಅದು ಸಮ. ಆದುದರಿಂದ ಬೆಸಸಂಖ್ಯೆಯ ಗೀಟುಗಳ ಆಕೃತಿಯಲ್ಲಿ ಹಿಂತಿರುಗದೆ ಎರಡು ಸುತ್ತು ಹೋದರೂ ನಡೆಯುತ್ತದೆಂದು ಸ್ವಲ್ಪ ಗರ್ವದಿಂದಲೇ ಹೇಳಿದೆ. ಅವರು ಬೆರಳಿನಿಂದ ಎಣಿಸಿ ನೋಡಿ, "ಅದೂ ನಡೀತದ. ಆದ್ರ ಕೈಗೆ ಒಂದ ರೂಢಿ ಇದ್ರ ಛಲೋ" ಎಂದು ತಮ್ಮ ಕೆಲಸಕ್ಕೆ ತಿರುಗಿದರು.

ನಿಯಮ ಇಷ್ಟು ಸರಳವಾದ ಮೇಲೆ ಕಲಾವಿದೆಗೆ ಉಳಿದ ಕೆಲಸವೇನು? ಬಹಳ ಇದೆ. ಯಾವ ಕವಲನ್ನು ಹೋಗುವಾಗ ಮುಗಿಸಬೇಕು, ಯಾವುದನ್ನು ಬರುವಾಗಿಗೆ ಉಳಿಸಬೇಕು ಎಂಬುದನ್ನು ನಿಯಮ ಹೇಳುವುದಿಲ್ಲ. ಅವರು ಗೋಪುರದ ಹೊರ ಅಂಚನ್ನು ಮೊದಲು ಸುತ್ತಿ, ಕಳಶಗಳನ್ನೂ ಒಳಗಿನ ಚೌಕಗಳನ್ನೂ ಬರುವ ದಾರಿಗೆ ಬಿಡುತ್ತಿದ್ದರು. ಕಾರಣ ಕೇಳಿದರೆ, ಎಣಿಕೆ ತಪ್ಪಿದ್ದರೆ ಆಗಲೇ ಗೊತ್ತಾಗುತ್ತದೆ ಎಂದರು. ಸುತ್ತಿನ ನಡುವೆ ಎಲ್ಲಿಯೋ ನಾಲ್ಕು ಎಳೆಗೆ ಬದಲಾಗಿ ಐದನ್ನು ದಾಟಿದ್ದರೆ ಅಂಚಿನ ಎರಡು ತುದಿಗಳು ಒಂದೇ ತೂತಿನಲ್ಲಿ ಕೂಡುವುದಿಲ್ಲ. ಆ ಹಂತದಲ್ಲಿ ಬಿಚ್ಚಬೇಕಾದುದು ಅಂಚಿನ ಒಂದು ಪಾಲು ಮಾತ್ರ. ಒಳಗನ್ನೆಲ್ಲ ತುಂಬಿದ ಮೇಲೆ ತಿಳಿದರೆ ಇಡೀ ದಿನದ ಕೆಲಸ ಹೋಯಿತು. ಭೂಮಾಪಕರು ಸುತ್ತಳತೆ ಮಾಡಿ ಹೊರಟ ಕಲ್ಲಿಗೇ ಬಂದು ಕೂಡಿಸಿ ನೋಡುವುದೂ ಇದೇ ಪರೀಕ್ಷೆ. ಇದಿಷ್ಟೂ ಅವರ ತಲೆಯಲ್ಲಿಯೇ ನಡೆಯುತ್ತದೆ. ಎದುರಿಗೆ ನಕ್ಷೆಯೂ ಇಲ್ಲ, ಪುಸ್ತಕವೂ ಇಲ್ಲ.

ಎಳೆಯ ಉದ್ದದ ವಿಷಯದಲ್ಲಿಯೂ ಅವರದು ಕಟ್ಟುನಿಟ್ಟು. ಮೊಳಕ್ಕಿಂತ ತುಸು ಹೆಚ್ಚಿರುವಷ್ಟೇ ಎಳೆಯನ್ನು ಸೂಜಿಗೆ ಪೋಣಿಸುತ್ತಾರೆ. ಉದ್ದದ ಎಳೆ ಹಾಕಿಕೊಂಡರೆ ಮತ್ತೆ ಮತ್ತೆ ಪೋಣಿಸುವ ಶ್ರಮ ತಪ್ಪೀತಲ್ಲವೇ ಎಂದುಕೊಂಡು ಲೆಕ್ಕ ಮಾಡಿದೆ. ಒಂದು ಹೆಜ್ಜೆಗೆ 2 ಮಿಲಿಮೀಟರು ಎಳೆ ಬೇಕಾದರೆ 60 ಸೆಂಟಿಮೀಟರು ಎಳೆಗೆ 300 ಹೆಜ್ಜೆ. ಪ್ರತಿ ಹೆಜ್ಜೆಯಲ್ಲಿಯೂ ಉಳಿದ ಎಳೆಯಷ್ಟನ್ನೂ ಬಟ್ಟೆಯ ತೂತಿನೊಳಗಿಂದ ಎಳೆಯಬೇಕು. ಸರಾಸರಿ 30 ಸೆಂಟಿಮೀಟರು. ಒಟ್ಟು 90 ಮೀಟರು ಎಳೆತ! ಉದ್ದವನ್ನು ಇಮ್ಮಡಿ ಮಾಡಿದರೆ ಹೆಜ್ಜೆಗಳೂ ಇಮ್ಮಡಿ, ಸರಾಸರಿ ಎಳೆತವೂ ಇಮ್ಮಡಿ. ಒಟ್ಟು 360 ಮೀಟರು, ಅಂದರೆ ನಾಲ್ಕು ಪಟ್ಟು. ಕೊನೆಯಲ್ಲಿ ಹೊಲಿಯಲ್ಪಡುವ ಭಾಗವಂತೂ 300ಕ್ಕೆ ಬದಲಾಗಿ 600 ತೂತುಗಳಲ್ಲಿ ಉಜ್ಜಿಕೊಂಡು ಬಂದಿರುತ್ತದೆ. ರೇಷ್ಮೆಯ ಹೊಳಪು ಅದರ ನುಣುಪಿನಿಂದ ಬರತಕ್ಕದ್ದು. ಉಜ್ಜಿ ನವಿರೆದ್ದ ಎಳೆ ಬೆಳಕನ್ನು ಚದರಿಸಿ ಮಂಕಾಗುತ್ತದೆ.

ಇನ್ನು ಅಂಗಡಿಯವರ ಮಾತನ್ನು ಪರೀಕ್ಷಿಸಬಹುದು. ಚಿತ್ರದಲ್ಲಿ 100 ಗೀಟುಗಳಿವೆ ಎನ್ನೋಣ. ಹಿಂಭಾಗ ಹೇಗಾದರೂ ಇರಲಿ, ಮುಂಭಾಗದಲ್ಲಿ 100 ಗೀಟುಗಳೂ ಕಾಣಬೇಕಾದರೆ ಮುಂಭಾಗದಲ್ಲಿ 100 ಹೆಜ್ಜೆಗಳು ಬೀಳಲೇಬೇಕು. ಒಂದೇ ಎಳೆಯಿಂದ ಹೊಲಿಯುವಾಗ ಮುಂಭಾಗದ ಎರಡು ಹೆಜ್ಜೆಗಳ ನಡುವೆ ಹಿಂಭಾಗದಲ್ಲಿ ಒಂದು ಹೆಜ್ಜೆ ಬೀಳದೆ ಗತಿಯಿಲ್ಲ. ಆದುದರಿಂದ ಹಿಂದೆ ಕನಿಷ್ಠ ಪಕ್ಷ 99. ಒಟ್ಟು 199. ಕಸೂತಿಯಲ್ಲಿಯಾದರೋ ಮುಂದೆ 100, ಹಿಂದೆ 100. ಅಂಗಡಿಯವರು ಅರ್ಧವೆಂದು ಹೇಳಿದ ಉಳಿತಾಯ ಇನ್ನೂರರಲ್ಲಿ ಒಂದು ಹೆಜ್ಜೆ ಮಾತ್ರ! ಎಳೆಯ ಲೆಕ್ಕದಲ್ಲಿ ಉಳಿತಾಯ ಹೋಗಿ ನಷ್ಟವೇ ಆಗುತ್ತದೆ. ಹಿಂದೆ ಎರಡು ಗೀಟಿನಷ್ಟು ಹಾದು, ಮುಂದೆ ಒಂದು ಗೀಟಿನಷ್ಟು ಹಿಂದಕ್ಕೆ ಬರುವ ಸಾಮಾನ್ಯ ಹೊಲಿಗೆಯಲ್ಲಿ 100 ಗೀಟಿನ ಸಾಲಿಗೆ ಹತ್ತಿರ ಹತ್ತಿರ 300 ಗೀಟುಗಳಷ್ಟು ಎಳೆ ಬೇಕು. ಕಸೂತಿಗೆ 200 ಸಾಕು. ಹಿಂಬದಿಯನ್ನು ಕಡೆಗಣಿಸಿದರೆ ಮಿಗುವುದು ದಾರಿಯನ್ನು ಯೋಚಿಸುವ, ನೆನಪಿಡುವ, ಎಣಿಸುವ ಶ್ರಮ ಮಾತ್ರ. ಅದು ಸಣ್ಣ ಶ್ರಮವಲ್ಲ, ನಿಜ. ಆದರೆ ಅರವತ್ತು ವರ್ಷ ಸೂಜಿ ಹಿಡಿದವರಿಗೆ ಅದನ್ನು ಬಿಡುವುದೇ ಹೆಚ್ಚಿನ ಶ್ರಮವಾದೀತು.

ಉಳಿದ ಎರಡು ಬಗೆಗಳಿಗೆ ಈ ಲೆಕ್ಕ ಹೀಗೆಯೇ ಅನ್ವಯಿಸದು ಎಂಬುದನ್ನು ಹೇಳಬೇಕು. ನೇಗಿಯೆಂಬುದು ನೇಯ್ಗೆಯನ್ನು ಹೋಲುವ ಉದ್ದ ಗಿಡ್ಡ ಹೊಲಿಗೆ. ಅಲ್ಲಿ ಎಳೆ ಮುಂದೆ ಕಂಡೆಡೆ ಹಿಂದೆ ಕಾಣದು, ಹಿಂದೆ ಕಂಡೆಡೆ ಮುಂದೆ ಕಾಣದು. ಛಾಯಾಚಿತ್ರಕ್ಕೂ ಅದರ ನೆಗೆಟಿವಿಗೂ ಇರುವ ಸಂಬಂಧದಂತೆ. ಮೆಂತಿ ಗುಣಾಕಾರ ಚಿಹ್ನೆಯ ಹೊಲಿಗೆ. ಆನೆಯ ಮೈಯಂಥ ಕಡೆಗಳಲ್ಲಿ ತುಂಬಲು ಬಳಸುತ್ತಾರೆ. ಅದರ ಹಿಂಬದಿ ಬೇರೆಯಾಗಿಯೇ ಇರುತ್ತದೆ. ಯಂತ್ರದ ಹೊಲಿಗೆಯ ಮಾತೇ ಬೇರೆ. 1846ರಲ್ಲಿ ಎಲಿಯಾಸ್ ಹೋವ್ ಹಕ್ಕುಪತ್ರ ಪಡೆದ ಹೊಲಿಗೆಯಂತ್ರದಿಂದ ಇಂದಿನ ಗಣಕಯಂತ್ರ ನಡೆಸುವ ಹೊಲಿಗೆಯಂತ್ರಗಳವರೆಗೆ ಮೇಲೊಂದು ಕೆಳಗೊಂದು ಎರಡು ದಾರಗಳು ಬಟ್ಟೆಯೊಳಗೆ ಪರಸ್ಪರ ಸಿಕ್ಕಿಕೊಳ್ಳುತ್ತವೆ. ಹಿಂದಿನ ಮುಖದಲ್ಲಿ ಮುಖ್ಯವಾಗಿ ಸಾಗುವುದು ಕೆಳಗಿನ ದಾರವೇ. ಈ ಶತಮಾನದ ಮೊದಲ ದಶಕದಲ್ಲಿ ಕಸೂತಿಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿದೆ. ಆದರೂ ಸಂತೆಯಲ್ಲಿ ಕಸೂತಿಯೆಂದು ಕೊಟ್ಟದ್ದನ್ನು ಗುರುತಿಸಲು ಕೊಳ್ಳುವವರು ಸೆರಗನ್ನು ತಿರುವಿ ನೋಡುವುದೇ ಮೊದಲ ಪರೀಕ್ಷೆ.

ಇನ್ನೂರು ಹೆಜ್ಜೆಗಳ ಲೆಕ್ಕವನ್ನು ನಾನು ಜಗಲಿಯ ಮೇಲೆ ಕುಳಿತು ವಿವರಿಸಿದಾಗ ಅವರು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಕೇಳಿದರು. "ಹಂಗಾದ್ರ ರೊಕ್ಕ ಯಾಕ ಕಡಿಮಿ ಅಂತಾರ? ಇದನ್ನ ಅವರಿಗೆ ತಿಳಿಯೂ ಹಂಗ ಬರದು ಕೊಡ್ರಿ ತಮ್ಮಾ" ಎಂದರು. ಒಂದು ಹಾಳೆಯ ಮೇಲೆ, ಸಮೀಕರಣಗಳಿಲ್ಲದೆ, ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟೆ. ಮುಗಿದ ಗೋಪುರದ ಬಟ್ಟೆಯ ಮಡಿಕೆಯಲ್ಲಿ ಅದನ್ನಿಟ್ಟು ಕಳುಹಿಸಿದ್ದಾರೆ. ಅಂಗಡಿಯಿಂದ ಇನ್ನೂ ಉತ್ತರ ಬಂದಿಲ್ಲ.